ಟ್ರಸ್‌ಗೆ ಚೈನ್ ಪುಲ್ಲಿ ಎಲ್ಲಿ ಕಟ್ಟಬೇಕು?

ಪ್ರಶ್ನೆ: ಸರ್, ನಮ್ಮ ಗ್ಯಾರೇಜಿನ ಶೀಟ್ ಶೆಡ್ 8 ಮೀಟರ್ ಅಗಲ. ಟ್ರಸ್ (ಮಾಡು ಹೊರುವ ಉಕ್ಕಿನ ಚೌಕಟ್ಟು) ನಡುವೆ 2 ಮೀಟರ್ ಎತ್ತರ ಇದೆ. ಕೆಳಗಿನ ಆಂಗಲ್‌ಗೆ 2 ಮೀಟರಿಗೊಂದು ಜಾಯಿಂಟ್. ಎಂಜಿನ್ ಎತ್ತಲು 250 ಕೆಜಿಗೆ ಚೈನ್ ಪುಲ್ಲಿ ಹಾಕಬೇಕು. ಎರಡು ಜಾಯಿಂಟಿನ ಮಧ್ಯೆ ಕಟ್ಟಿದರೆ ನಮಗೆ ಅನುಕೂಲ. ಇನ್ನೊಂದು, ನಡುಗಂಬದ ಆಚೀಚೆ ಇರುವ ಎರಡು ನೆಟ್ಟಗಿನ ತುಂಡುಗಳ ಮೇಲೆ ಭಾರವೇ ಇಲ್ಲ, ಕತ್ತರಿಸಿದರೆ ಅಟ್ಟಕ್ಕೆ ಜಾಗ ಸಿಗುತ್ತೆ ಅಂತಾರೆ ವೆಲ್ಡರ್. ಮಾಡಬಹುದಾ?

ಉತ್ತರ: ಎರಡೂ ಬೇಡ. ಆದರೆ ನಿಮ್ಮ ವೆಲ್ಡರ್ ಹೇಳಿದ್ದು ಪೂರ್ತಿ ಸುಳ್ಳಲ್ಲ.

ಟ್ರಸ್‌ನಲ್ಲಿ ಇರುವುದೆಲ್ಲ ತ್ರಿಕೋನ. ನಾಲ್ಕು ಮೂಲೆಯ ಚೌಕಟ್ಟನ್ನು ಒತ್ತಿದರೆ ವಾಲುತ್ತದೆ. ತ್ರಿಕೋನ ವಾಲಬೇಕಾದರೆ ಅದರ ಒಂದು ಬದಿಯಾದರೂ ಉದ್ದ ಇಲ್ಲವೇ ಗಿಡ್ಡ ಆಗಬೇಕು. ಹಾಗಾಗಿ ಭಾರ ಜಾಯಿಂಟಿಗೆ ಬಂದರೆ ಒಂದೊಂದು ತುಂಡಿಗೂ ಒಂದೇ ಕೆಲಸ: ಎಳೆತ ತಡೆಯುವುದು, ಇಲ್ಲವೇ ಒತ್ತಡ ತಡೆಯುವುದು. ಬಗ್ಗುವ ಕೆಲಸ ಯಾರಿಗೂ ಇಲ್ಲ. ಅಷ್ಟು ಸಣ್ಣ ಆಂಗಲ್‌ಗಳು ಅಷ್ಟು ದೊಡ್ಡ ಮಾಡು ಹೊರುವುದು ಇದೇ ಕಾರಣಕ್ಕೆ.

ನಿಮ್ಮ 250 ಕೆಜಿಯನ್ನು ನಡುವಿನ ಜಾಯಿಂಟಿಗೇ ಕಟ್ಟಿದಿರಿ ಅನ್ನಿ. ನಡುಗಂಬ ಅದನ್ನು ಮೇಲಕ್ಕೆ ಎಳೆದು ತುದಿಗೆ ಮುಟ್ಟಿಸುತ್ತದೆ. ಅಲ್ಲಿಂದ ಇಳಿಜಾರು ಆಂಗಲ್‌ಗಳು ತಲಾ 280 ಕೆಜಿ ಒತ್ತಡದಲ್ಲಿ ಗೋಡೆಗೆ ದಾಟಿಸುತ್ತವೆ. ಅವು ಗೋಡೆಯನ್ನು ಹೊರಕ್ಕೆ ತಳ್ಳದಂತೆ ಕೆಳಗಿನ ಆಂಗಲ್ 250 ಕೆಜಿ ಎಳೆತದಲ್ಲಿ ಹಿಡಿದಿರುತ್ತದೆ. ಕೆಳಗೆ 50×50×6 ಮಿಲಿಮೀಟರಿನ ಜೋಡಿ ಆಂಗಲ್ ಇದ್ದರೆ ಚದರ ಮಿಲಿಮೀಟರಿಗೆ ಬರುವುದು ಬರೀ 2 ನ್ಯೂಟನ್. ಅದಕ್ಕೆ ಗೊತ್ತೇ ಆಗುವುದಿಲ್ಲ!

ಅದೇ ಭಾರ ಎರಡು ಜಾಯಿಂಟಿನ ಮಧ್ಯೆ ಬಂದರೆ ಆಂಗಲ್ ಬಗ್ಗಲೇಬೇಕು. ತುದಿಗಳನ್ನು ಬಿಗಿ ಎಂದು ಲೆಕ್ಕ ಹಿಡಿಯದಿದ್ದರೆ ಅದೇ 2 ನ್ಯೂಟನ್ ಈಗ ಹೆಚ್ಚುಕಡಿಮೆ 170. ಮಾಮೂಲಿ ಉಕ್ಕು 250 ನ್ಯೂಟನ್ನಿಗೆ ಸೋಲುತ್ತದೆ. ಇದರ ಮೇಲೆ ಮಾಡಿನ ಭಾರ, ಸರಪಳಿಯ ಜರ್ಕ್ ಬೇರೆ. ಯಾಕೆ ಬೇಕು ಈ ಸಾಹಸ?

ಇನ್ನು ಆ ನೆಟ್ಟಗಿನ ತುಂಡುಗಳು. ಅವುಗಳ ಬುಡದಲ್ಲಿ ಏನೂ ನೇತಾಡದಿದ್ದರೆ ಲೆಕ್ಕದಲ್ಲಿ ಅವುಗಳ ಬಲ ಸೊನ್ನೆಯೇ. ಆದರೆ ಗಾಳಿ ಬಂದ ದಿನ ಅವುಗಳಿಗೆ ಬೇರೊಂದು ಕೆಲಸ ಇದೆ: ಕೆಳಗಿನ ಆಂಗಲ್ ಬಾಗದಂತೆ ಹಿಡಿಯುವುದು. ಬೆಂಗಳೂರಿಗೆ ನಮ್ಮ ದೇಶದ ಕಟ್ಟಡ ಸ್ಟ್ಯಾಂಡರ್ಡ್ ಹೇಳುವ ಗಾಳಿ ವೇಗ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39. 33 ಮೀಟರಿಗೇ ಚದರ ಮೀಟರಿಗೆ ಸುಮಾರು 65 ಕೆಜಿ ಬಲ ಹುಟ್ಟುತ್ತದೆ. ಮಾಡಿನ ಇಳಿಜಾರು, ತೆರೆದ ಬಾಗಿಲು ನೋಡಿಕೊಂಡು ಇದು ಹೆಚ್ಚುಕಡಿಮೆ ಆಗಬಹುದು. ಅಷ್ಟೇ ಜಾಗದ ಶೀಟಿನ ತೂಕವೋ ಐದಾರು ಕೆಜಿ. ಗಾಳಿ ಮಾಡನ್ನು ಮೇಲಕ್ಕೆ ಹೀರಿದಾಗ ಎಲ್ಲವೂ ತಲೆಕೆಳಗು: ಎಳೆತದಲ್ಲಿದ್ದ ಕೆಳಗಿನ ಆಂಗಲ್ ಒತ್ತಡಕ್ಕೆ ಬರುತ್ತದೆ. ಒತ್ತಡದಲ್ಲಿ ಉದ್ದನೆಯ ಸಣ್ಣ ಆಂಗಲ್ ಸಟ್ಟನೆ ಬಾಗಿ ಹೋಗುತ್ತದೆ. ಉದ್ದ ಎರಡು ಪಟ್ಟಾದರೆ ತಡೆಯುವ ಶಕ್ತಿ ಕಾಲು ಭಾಗಕ್ಕೆ ಇಳಿಯುತ್ತದೆ. ಆ ತುಂಡು ತೆಗೆದರೆ 2 ಮೀಟರ್ ಇದ್ದದ್ದು 4 ಆಗುತ್ತದೆ, ಅಲ್ವಾ? ಮುಂಗಾರಿಗೆ ಮುಂಚಿನ ಗಾಳಿಮಳೆಯಲ್ಲಿ ಶೆಡ್‌ಗಳು ಹಾರುವುದನ್ನು ನೀವೂ ನೋಡಿರುತ್ತೀರಿ.

ನಡುವಿನ ಜಾಯಿಂಟಿಗೆ ಕಟ್ಟುವುದಾದರೂ ಸುಮ್ನೆ ಕೊಕ್ಕೆ ಬೆಸೆದುಬಿಡಬೇಡಿ. ಗಸೆಟ್ ಪ್ಲೇಟ್ (ಜಾಯಿಂಟಿನಲ್ಲಿ ತುಂಡುಗಳನ್ನು ಸೇರಿಸುವ ಉಕ್ಕಿನ ತಗಡು) ಎಷ್ಟು ದಪ್ಪ, ವೆಲ್ಡಿಂಗ್ ಹೇಗಿದೆ, ಎರಡನ್ನೂ ಎಂಜಿನಿಯರ್ ಕೈಲಿ ನೋಡಿಸಿ. 2007ರಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಟ್ರಸ್ ಸೇತುವೆ ಕುಸಿದು 13 ಜನ ಸತ್ತರು. ಅಲ್ಲಿ ತೆಳ್ಳಗಿದ್ದದ್ದು ಗಸೆಟ್ ಪ್ಲೇಟು. ಜೊತೆಗೆ ಅಂದು ರಿಪೇರಿಯ ಸಾಮಾನೂ ಸೇತುವೆ ಮೇಲಿತ್ತು.

ಜಾಗ ಇದ್ದರೆ ನೆಲದ ಮೇಲೆ ನಿಲ್ಲುವ, ಚಕ್ರ ಇರುವ ಎಂಜಿನ್ ಕ್ರೇನ್ ತನ್ನಿ. ಟ್ರಸ್ ತನ್ನ ಪಾಡಿಗೆ ಇರುತ್ತದೆ, ಎಂಜಿನ್ ನಿಮಗೆ ಬೇಕಾದ ಕಡೆ ಇಳಿಯುತ್ತದೆ. ಅಟ್ಟವನ್ನೂ ಟ್ರಸ್‌ಗೆ ತಗಲಿಸದೆ ನೆಲದಿಂದ ಕಂಬ ಎಬ್ಬಿಸಿ ಮಾಡಿಸಿ.