ಮನೆಯ ಈಜುಕೊಳಕ್ಕೆ ಹೊಸದಾಗಿ ಗಾರೆ ಹಾಕಿಸಲು ನಂಬಿಕಸ್ಥ ಗುತ್ತಿಗೆದಾರರನ್ನು ಗುರುತಿಸುವುದು ಹೇಗೆ?

ನಮಸ್ಕಾರ. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಹಳೆಯ ಮನೆ ಕೊಂಡಿದ್ದೀರಿ, ಹಿತ್ತಲಿನ ಈಜುಕೊಳದ ತಳ ಒರಟಾಗಿ ಮಕ್ಕಳ ಅಂಗಾಲು ತರಚುತ್ತಿದೆ, ಮೂವರಿಂದ ಕೊಟೇಶನ್ ತರಿಸಿದರೆ ಒಂದಕ್ಕೊಂದು ತಾಳೆಯಾಗುತ್ತಿಲ್ಲ, ಎಲ್ಲರಿಗಿಂತ ಕಡಿಮೆ ಹೇಳಿದವರು ಅರ್ಧ ಹಣವನ್ನು ಮುಂಗಡವಾಗಿ ಕೇಳುತ್ತಿದ್ದಾರೆ, ಇವರಲ್ಲಿ ಯಾರನ್ನು ನಂಬುವುದು ಎಂದು ಕೇಳಿದ್ದೀರಿ. ನಾನು ಫ್ರೀಮಾಂಟ್‌ನಲ್ಲಿದ್ದೇನೆ, ನಮ್ಮ ಮನೆಯ ಕೊಳಕ್ಕೂ ಇದೇ ಕೆಲಸ ಮಾಡಿಸಿದ್ದೇನೆ, ಆದ್ದರಿಂದ ತಿಳಿದಿರುವುದನ್ನು ವಿವರವಾಗಿಯೇ ಬರೆಯುತ್ತೇನೆ.

ಮೊದಲು ಅರ್ಧ ಮುಂಗಡದ ವಿಷಯ. ಕ್ಯಾಲಿಫೋರ್ನಿಯಾದ ಕಾನೂನಿನ ಪ್ರಕಾರ ಮನೆ ದುರಸ್ತಿಯ ಗುತ್ತಿಗೆಗಳಲ್ಲಿ, ಈಜುಕೊಳದ ಕೆಲಸವೂ ಸೇರಿದಂತೆ, ಮುಂಗಡವು ಒಟ್ಟು ಮೊತ್ತದ ಶೇಕಡಾ 10 ಅಥವಾ 1,000 ಡಾಲರ್, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ಮೀರುವಂತಿಲ್ಲ. ಪೂರ್ತಿ ಕೆಲಸಕ್ಕೆ ಪ್ರತ್ಯೇಕ ಬಾಂಡ್ (ಗುತ್ತಿಗೆದಾರರು ತಪ್ಪಿದರೆ ಪರಿಹಾರ ಸಿಗಲೆಂದು ಇಡುವ ಖಾತರಿ) ಇಟ್ಟಿರುವ ಕೆಲವೇ ಸಂಸ್ಥೆಗಳಿಗೆ ಮಾತ್ರ ಇದರಿಂದ ವಿನಾಯಿತಿ ಇದೆ. ಆಮೇಲಿನ ಕಂತುಗಳೂ ಅಲ್ಲಿಯವರೆಗೆ ನಡೆದ ಕೆಲಸದ ಬೆಲೆಗಿಂತ ಹೆಚ್ಚಾಗುವಂತಿಲ್ಲ. ಆದ್ದರಿಂದ ಅರ್ಧ ಹಣ ಕೇಳಿದವರು ಒಂದೋ ನಿಯಮ ತಿಳಿಯದವರು, ಇಲ್ಲವೇ ತಿಳಿದೂ ಲೆಕ್ಕಕ್ಕಿಡದವರು. ಎರಡರಲ್ಲಿ ಯಾವುದಾದರೂ ಅವರ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕಿ ಎಂಬುದೇ ನನ್ನ ಸ್ಪಷ್ಟ ಸಲಹೆ.

ಉಳಿದವರ ಪರವಾನಗಿಯನ್ನು ರಾಜ್ಯದ ಗುತ್ತಿಗೆದಾರರ ಪರವಾನಗಿ ಮಂಡಳಿಯ ಜಾಲತಾಣದಲ್ಲಿ ನೋಡಬಹುದು. ಈಜುಕೊಳದ ಕೆಲಸಕ್ಕೆ ಸಿ-53 ಎಂಬ ವರ್ಗದ ಪರವಾನಗಿ ಇದೆ. ಪರವಾನಗಿ ಚಾಲ್ತಿಯಲ್ಲಿದೆಯೇ ಎಂದು ಮಾತ್ರ ನೋಡಿ ಪುಟ ಮುಚ್ಚಬೇಡಿ. ಅಲ್ಲಿರುವ ಹೆಸರು ಮತ್ತು ನಿಮಗೆ ಬಂದ ಕೊಟೇಶನ್‌ನ ಮೇಲಿರುವ ಹೆಸರು ಒಂದೇ ಆಗಿರಬೇಕು, ಏಕೆಂದರೆ ಇನ್ನೊಬ್ಬರ ಪರವಾನಗಿ ಸಂಖ್ಯೆಯನ್ನು ತಮ್ಮದೆಂದು ಬರೆದುಕೊಡುವವರೂ ಇರುತ್ತಾರೆ. ಸಂಶಯ ಬಂದರೆ ಪರವಾನಗಿಯ ಕಾರ್ಡ್ ಮತ್ತು ಗುರುತಿನ ಚೀಟಿ ಎರಡನ್ನೂ ತೋರಿಸಿ ಎಂದು ಕೇಳುವುದರಲ್ಲಿ ಯಾವ ಸಂಕೋಚವೂ ಬೇಡ. ಅದೇ ಪುಟದಲ್ಲಿ ಕಾರ್ಮಿಕರ ಪರಿಹಾರ ವಿಮೆಯ ವಿವರವೂ ಇರುತ್ತದೆ, ಇದನ್ನು ಬಹಳ ಜನ ಗಮನಿಸುವುದಿಲ್ಲ. ಅಲ್ಲಿ ವಿನಾಯಿತಿ ಎಂದು ನಮೂದಾಗಿದ್ದರೆ, ತಮ್ಮಲ್ಲಿ ಕೆಲಸಗಾರರೇ ಇಲ್ಲವೆಂದು ಗುತ್ತಿಗೆದಾರರು ಘೋಷಿಸಿಕೊಂಡಿದ್ದಾರೆ ಎಂದರ್ಥ. ಆದರೆ ಕೊಳಕ್ಕೆ ಗಾರೆ ಬಳಿಯುವುದು ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ಗಾರೆ ಗಟ್ಟಿಯಾಗುವುದರೊಳಗೆ ಇಡೀ ಕೊಳವನ್ನು ಒಂದೇ ಪಟ್ಟಿನಲ್ಲಿ ಬಳಿದು ನಯಗೊಳಿಸಲು ನಾಲ್ಕಾರು ಜನ ಒಟ್ಟಿಗೆ ದುಡಿಯಬೇಕು. ಹಾಗಾದರೆ ಆ ದಿನ ಬರುವವರು ಯಾರ ಕೆಲಸಗಾರರು, ಅವರ ವಿಮೆ ಯಾರದು ಎಂಬ ಪ್ರಶ್ನೆಗೆ ಬರಹದಲ್ಲಿ ಉತ್ತರ ಪಡೆಯಿರಿ. 2023ರಿಂದ ಪ್ರತಿ ಗುತ್ತಿಗೆದಾರರೂ 25,000 ಡಾಲರ್‌ಗಳ ಬಾಂಡ್ ಇಟ್ಟಿರಬೇಕೆಂಬುದು ನಿಜ, ಆದರೆ ಆ ಮೊತ್ತ ನಿಮ್ಮೊಬ್ಬರಿಗಾಗಿ ಮೀಸಲಿಟ್ಟದ್ದಲ್ಲ, ಅವರ ಮೇಲೆ ದೂರು ಕೊಡುವ ಎಲ್ಲರೂ ಅದರಲ್ಲೇ ಹಂಚಿಕೊಳ್ಳಬೇಕಾಗುತ್ತದೆ.

ಇಷ್ಟಾದರೂ ಕಾಗದಪತ್ರ ಸರಿಯಿರುವವರು ಯಾರು ಎಂಬುದು ಗೊತ್ತಾಯಿತೇ ಹೊರತು ಕೆಲಸ ಬಲ್ಲ ಪ್ರಾಮಾಣಿಕರು ಯಾರು ಎಂಬುದು ಗೊತ್ತಾಗಲಿಲ್ಲ. ನನ್ನ ತಿಳಿವಳಿಕೆಯಲ್ಲಿ ಈ ಕೆಲಸದ ಒಳ್ಳೆಯದು ಕೆಟ್ಟದ್ದೆಲ್ಲ ಹೊಸ ಗಾರೆಯ ಕೆಳಗೆ ಅಡಗಿರುತ್ತದೆ. ಮೇಲಿನ ಬಿಳಿ ಗಾರೆ ಎಂದರೆ ಬಿಳಿ ಸಿಮೆಂಟ್ ಮತ್ತು ಅಮೃತಶಿಲೆಯ ಪುಡಿ ಬೆರೆಸಿದ ಸುಮಾರು ಅರ್ಧ ಅಂಗುಲ ದಪ್ಪದ ಪದರ ಅಷ್ಟೆ. ಅದು ಕೆಳಗಿನ ಪದರಕ್ಕೆ ಎಷ್ಟು ಗಟ್ಟಿಯಾಗಿ ಕಚ್ಚಿಕೊಂಡಿದೆ ಎಂಬುದರ ಮೇಲೆ ಅದರ ಆಯುಷ್ಯ ನಿಂತಿದೆ. ನೀರು ತುಂಬಿದ ದಿನ ಚೆನ್ನಾಗಿ ಮಾಡಿದ್ದೂ ಅವಸರದಲ್ಲಿ ಮುಗಿಸಿದ್ದೂ ಒಂದೇ ರೀತಿ ಬೆಳ್ಳಗೆ ಹೊಳೆಯುತ್ತವೆ. ವ್ಯತ್ಯಾಸ ಕಾಣಿಸಿಕೊಳ್ಳಲು ಒಂದೆರಡು ವರ್ಷವೇ ಬೇಕು. ಆದ್ದರಿಂದ ಪರಿಚಯದವರು ವಾಟ್ಸಾಪ್ ಗುಂಪಿನಲ್ಲಿ ನಮ್ಮ ಕೊಳ ಕಳೆದ ತಿಂಗಳು ಮಾಡಿಸಿದ್ದು, ಬಹಳ ಚೆನ್ನಾಗಿದೆ ಎಂದು ಬರೆದರೆ ಅದನ್ನು ಸಾಕ್ಷಿಯೆಂದು ನಾನು ಪರಿಗಣಿಸುವುದಿಲ್ಲ. ಗುತ್ತಿಗೆದಾರರನ್ನೇ ಕೇಳಿ, ಮೂರು ನಾಲ್ಕು ವರ್ಷ ಹಿಂದೆ ಅವರು ಮಾಡಿದ ಒಂದೆರಡು ಕೊಳಗಳನ್ನು ಮಾಲೀಕರ ಒಪ್ಪಿಗೆಯಿಂದ ನೋಡಿಬನ್ನಿ, ದೀಪದ ಸುತ್ತ, ಮೆಟ್ಟಿಲಿನ ಅಂಚಿನಲ್ಲಿ, ಟೈಲ್‌ಗಳ ಸಾಲಿನ ಕೆಳಗೆ ಗಾರೆ ಎದ್ದಿದೆಯೇ ಎಂದು ಗಮನಿಸಿ.

ನಮ್ಮ ಮನೆಗೆ ಬಂದವರಲ್ಲಿ ಒಬ್ಬರು ದಂಡೆಯ ಮೇಲೆ ನಿಂತು ಉದ್ದ ಅಗಲ ಅಳೆದುಕೊಂಡು ಹೋದರು, ಅವರ ಕೊಟೇಶನ್‌ನಲ್ಲಿ ಕೊಳಕ್ಕೆ ಹೊಸ ಪ್ಲಾಸ್ಟರ್ ಎಂಬ ಒಂದೇ ಸಾಲು, ಅದರ ಮುಂದೆ ಒಂದು ಮೊತ್ತ. ಇನ್ನೊಬ್ಬರು ಟೈಲ್‌ಗಳ ಬಳಿ ಮಂಡಿಯೂರಿ ಕುಳಿತು, ತೋಳನ್ನು ಮೊಣಕೈಯವರೆಗೆ ನೀರಿಗಿಳಿಸಿ, ಸ್ಕ್ರೂಡ್ರೈವರ್‌ನ ಹಿಡಿಯಿಂದ ಗೋಡೆಯನ್ನು ಅಂಗುಲ ಅಂಗುಲಕ್ಕೂ ತಟ್ಟುತ್ತಾ ಹೋದರು. ಗಟ್ಟಿ ಇರುವಲ್ಲಿ ಟಕ್ ಟಕ್ ಎಂಬ ಬಿಗಿಯಾದ ಸದ್ದು, ಗಾರೆ ಬಿಟ್ಟುಕೊಂಡಿರುವಲ್ಲಿ ಪೊಳ್ಳು ಸದ್ದು. ವ್ಯತ್ಯಾಸ ನನ್ನ ಕಿವಿಗೂ ಗೊತ್ತಾಗುವಷ್ಟು ಸ್ಪಷ್ಟವಾಗಿತ್ತು. ಕೊನೆಗೆ ಅವರು, ಮೇಲ್ಭಾಗದಲ್ಲಿ ಇಷ್ಟು ಪೊಳ್ಳಿದೆ, ತಳದಲ್ಲಿ ಎಷ್ಟಿದೆಯೆಂದು ನೀರು ಖಾಲಿ ಮಾಡದೆ ಹೇಳಲಾರೆ, ಹೆಚ್ಚು ಸಿಕ್ಕರೆ ಚದರ ಅಡಿಗೆ ಇಷ್ಟರಂತೆ ಸೇರಿಸುತ್ತೇನೆ, ಆ ದರವನ್ನು ಈಗಲೇ ಬರೆದುಕೊಡುತ್ತೇನೆ ಎಂದರು. ನಾನು ಕೆಲಸ ಕೊಟ್ಟದ್ದು ಅವರಿಗೆ. ತಮಗೆ ಇನ್ನೂ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಹೇಳಿ, ಅದಕ್ಕೂ ಮೊದಲೇ ದರ ಕಟ್ಟಿಕೊಟ್ಟವರು ಕೆಲಸದ ನಡುವೆ ಹೊಸ ಲೆಕ್ಕ ತೆಗೆಯುವ ಸಂಭವ ಕಡಿಮೆ ಎಂಬುದು ನನ್ನ ನಂಬಿಕೆಯಾಗಿತ್ತು, ಅದು ಹಾಗೆಯೇ ಆಯಿತು.

ನಿಮ್ಮ ಮೂರು ಕೊಟೇಶನ್‌ಗಳು ತಾಳೆಯಾಗದಿರುವುದಕ್ಕೂ ಇದೇ ಕಾರಣವಿರಬೇಕು. ಪೊಳ್ಳಾದ ಹಳೆಯ ಗಾರೆಯನ್ನು ಪೂರ್ತಿ ಕಿತ್ತು ಕಾಂಕ್ರೀಟ್‌ವರೆಗೆ ಹೋಗುತ್ತಾರೋ, ಅಥವಾ ಮೇಲೆ ಆಸಿಡ್‌ನಿಂದ ತೊಳೆದು ಅಂಟು ಪದರ ಬಳಿದು ಅದರ ಮೇಲೇ ಹೊಸದನ್ನು ಹಾಕುತ್ತಾರೋ ಎಂಬುದು ಬರಹದಲ್ಲಿರಬೇಕು. ಟೈಲ್‌ಗಳ ಕೆಳಗೆ, ದೀಪ, ನೀರಿನ ಬಾಯಿ, ತಳದ ಡ್ರೇನ್ ಇವುಗಳ ಸುತ್ತ ಹಳೆಯ ಗಾರೆಯನ್ನು ಕತ್ತರಿಸಿ ತೆಗೆಯದಿದ್ದರೆ ಹೊಸ ಗಾರೆಗೆ ಅಲ್ಲಿ ಸಾಕಷ್ಟು ದಪ್ಪ ಸಿಗುವುದಿಲ್ಲ, ಆ ತೆಳು ಅಂಚೇ ಮೊದಲು ಬಿರಿಯುತ್ತದೆ. ಈಗಾಗಲೇ ಎರಡು ಸಲ ಗಾರೆ ಹಾಕಿಸಿಕೊಂಡಿರುವ ಹಳೆಯ ಕೊಳವಾದರೆ ಪೂರ್ತಿ ಕೀಳಿಸುವುದೇ ಮೇಲು, ಖರ್ಚು ಹೆಚ್ಚಾದರೂ. ಸಾದಾ ಬಿಳಿ ಗಾರೆಯೋ, ಕ್ವಾರ್ಟ್ಸ್ ಬೆರೆಸಿದ್ದೋ, ಸಣ್ಣ ಉರುಟು ಕಲ್ಲಿನದೋ (ಪೆಬಲ್) ಎಂಬುದೂ ಸ್ಪಷ್ಟವಾಗಿರಲಿ. ಉರುಟು ಕಲ್ಲಿನದು ಬಿಳಿ ಗಾರೆಗಿಂತ ಹೆಚ್ಚು ಕಾಲ ಬಾಳುತ್ತದೆ, ಆದರೆ ಕಾಲಿಗೆ ಸ್ವಲ್ಪ ಒರಟು. ನಿಮ್ಮ ದೂರೇ ಮಕ್ಕಳ ಅಂಗಾಲಿನ ಬಗ್ಗೆ ಆದ್ದರಿಂದ ಮಾದರಿಯ ಮೇಲೆ ಮಕ್ಕಳನ್ನೇ ಬರಿಗಾಲಿನಲ್ಲಿ ನಿಲ್ಲಿಸಿ ನೋಡಿ. ಬಣ್ಣದ ಗಾರೆ ಬೇಕೆಂದಿದ್ದರೆ, ಬೇಗ ಗಟ್ಟಿಯಾಗಲೆಂದು ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸುವ ರೂಢಿ ಅವರಿಗಿದೆಯೇ ಎಂದು ಕೇಳಿ. ಅದರಿಂದ ಬಣ್ಣ ಒಂದೇ ಸಮನಾಗಿ ನಿಲ್ಲದೆ ಮಚ್ಚೆ ಮಚ್ಚೆಯಾಗುವುದುಂಟು.

ನೀರು ಖಾಲಿ ಮಾಡುವ ಪ್ರಶ್ನೆಗೆ ಅವರು ಕೊಡುವ ಉತ್ತರವೂ ಒಳ್ಳೆಯ ಪರೀಕ್ಷೆ. ನಮ್ಮ ಕಡೆ ರಸ್ತೆಬದಿಯ ಮಳೆನೀರಿನ ಚರಂಡಿಗೆ ಬಿದ್ದದ್ದು ಶುದ್ಧೀಕರಣವಿಲ್ಲದೆ ನೇರವಾಗಿ ಹಳ್ಳಗಳಿಗೂ ಕೊಲ್ಲಿಗೂ ಸೇರುತ್ತದೆ, ಆದ್ದರಿಂದ ಕ್ಲೋರಿನ್ ಇರುವ ಕೊಳದ ನೀರನ್ನು ಅಲ್ಲಿಗೆ ಬಿಡುವಂತಿಲ್ಲ. ಮನೆಯ ಒಳಚರಂಡಿಯ ಬಾಯಿಗೆ ಬಿಡಬೇಕು, ಅದಕ್ಕೂ ನಗರದ ನಿಯಮ ವಿಚಾರಿಸಿಕೊಳ್ಳಬೇಕು. ಮಳೆಗಾಲದಲ್ಲಿ, ಅಂದರೆ ಇಲ್ಲಿಯ ಚಳಿಗಾಲದಲ್ಲಿ, ನೆಲದಡಿ ನೀರು ಏರಿರುವಾಗ ಕೊಳವನ್ನು ಒಮ್ಮೆಗೇ ಬರಿದು ಮಾಡಿದರೆ ಕೆಳಗಿನ ಒತ್ತಡಕ್ಕೆ ಕೊಳವೇ ಮೇಲಕ್ಕೇಳಬಹುದು. ತಳದ ಒತ್ತಡ ಬಿಡಿಸುವ ವಾಲ್ವ್‌ನ ಬಗ್ಗೆ ತಾವಾಗಿಯೇ ಮಾತೆತ್ತುವವರು ಕೆಲಸ ಬಲ್ಲವರು.

ಕೊಳ ಬರಿದಾದಾಗ ತಳದ ಡ್ರೇನ್‌ನ ಮುಚ್ಚಳವನ್ನು ದಯವಿಟ್ಟು ಬದಲಿಸಿ. 2002ರಲ್ಲಿ ವರ್ಜೀನಿಯಾದಲ್ಲಿ ಗ್ರೇಮ್ ಬೇಕರ್ ಎಂಬ ಏಳು ವರ್ಷದ ಬಾಲಕಿ ಬಿಸಿನೀರಿನ ತೊಟ್ಟಿಯ ಡ್ರೇನ್‌ನ ಸೆಳೆತಕ್ಕೆ ಸಿಲುಕಿ ತೀರಿಕೊಂಡಳು. 2007ರಲ್ಲಿ ಅವಳ ಹೆಸರಿನಲ್ಲಿ ಬಂದ ಕೇಂದ್ರ ಕಾನೂನಿನಂತೆ ಈಗ ಮಾರುವ ಮುಚ್ಚಳಗಳೆಲ್ಲ ಹೊಸ ಸುರಕ್ಷತಾ ಮಾನದಂಡಕ್ಕೆ ಒಳಪಡುತ್ತವೆ, ಆದರೆ ನಿಮ್ಮ ಹಳೆಯ ಕೊಳದಲ್ಲಿರುವುದು ಅದಕ್ಕಿಂತ ಮುಂಚಿನದೇ ಇರಬಹುದು. ಮಕ್ಕಳಿರುವ ಮನೆಯಲ್ಲಿ ಇದಕ್ಕೆ ಗಾರೆಯಷ್ಟೇ ಮಹತ್ವ ಕೊಡಬೇಕು. ಅಲ್ಲದೆ ನಿಮ್ಮ ಕೆಲಸಕ್ಕೆ ನಗರದ ಪರ್ಮಿಟ್ ಬೇಕೇ ಎಂದು ಕೇಳಿಟ್ಟುಕೊಳ್ಳಿ. ಕೊಳದ ನವೀಕರಣಕ್ಕೆ ಪರ್ಮಿಟ್ ಪಡೆದರೆ, ಬೇಲಿ, ಮುಚ್ಚಿಗೆ, ಎಚ್ಚರಿಕೆ ಗಂಟೆ ಮುಂತಾಗಿ ರಾಜ್ಯ ಹೇಳಿರುವ ಏಳು ಸುರಕ್ಷತಾ ಕ್ರಮಗಳಲ್ಲಿ ಕನಿಷ್ಠ ಎರಡು ಇರಲೇಬೇಕಾಗುತ್ತದೆ, ಅದರ ಖರ್ಚು ಕೊಟೇಶನ್‌ನಲ್ಲಿ ಇಲ್ಲದಿರಬಹುದು.

ಒಪ್ಪಂದಕ್ಕೆ ಸಹಿ ಹಾಕಿದ ಮೇಲೂ ಮನಸ್ಸು ಬದಲಿಸಲು ಸಾಮಾನ್ಯವಾಗಿ ಮೂರು ಕೆಲಸದ ದಿನಗಳಿವೆ, 65 ವರ್ಷ ತುಂಬಿದವರ ಹೆಸರಿನಲ್ಲಿದ್ದರೆ ಐದು. ಕೆಲಸ ಶುರುವಾದ ಮೇಲೆ ಸಾಮಗ್ರಿ ಒದಗಿಸಿದವರಿಂದಲೋ ಉಪಗುತ್ತಿಗೆದಾರರಿಂದಲೋ ನಿಮಗೊಂದು ಪೂರ್ವಸೂಚನೆಯ ಪತ್ರ ಬರಬಹುದು. ಗಾಬರಿಯಾಗಬೇಡಿ, ಅದು ದಾವೆಯಲ್ಲ, ಆದರೆ ತೆಗೆದಿಡಿ. ನೀವು ಮುಖ್ಯ ಗುತ್ತಿಗೆದಾರರಿಗೆ ಪೂರ್ತಿ ಹಣ ಕೊಟ್ಟಿದ್ದರೂ ಅವರು ಈ ಜನರಿಗೆ ಪಾವತಿ ಮಾಡದಿದ್ದರೆ ನಿಮ್ಮ ಮನೆಯ ಮೇಲೆ ಲೀನ್, ಅಂದರೆ ಬಾಕಿ ಹಣಕ್ಕಾಗಿ ಆಸ್ತಿಯ ಮೇಲಿನ ಕಾನೂನಿನ ಹಕ್ಕೊತ್ತಾಯ, ಹಾಕುವ ಹಕ್ಕು ಈ ಜನರಿಗಿದೆ. ಆದ್ದರಿಂದ ಪ್ರತಿ ಕಂತು ಕೊಡುವಾಗ ಪತ್ರ ಕಳುಹಿಸಿದ ಪ್ರತಿಯೊಬ್ಬರಿಂದಲೂ ಲೀನ್ ಹಕ್ಕು ಬಿಟ್ಟುಕೊಟ್ಟ ಬರಹವನ್ನು ತರಿಸಿಕೊಡಿ ಎಂದು ಕೇಳಿ. ಪ್ರಾಮಾಣಿಕರಿಗೆ ಇದು ದಿನನಿತ್ಯದ ವ್ಯವಹಾರ, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಕಂತುಗಳನ್ನು ಹೀಗೆ ಕಟ್ಟಿಕೊಳ್ಳಿ: ಹಳೆಯ ಗಾರೆ ಕಿತ್ತು ಮುಗಿದ ಮೇಲೆ ಒಂದು, ಹೊಸದು ಬಳಿದ ಮೇಲೆ ಒಂದು, ನೀರು ತುಂಬಿ ಪಂಪ್ ಸರಿಯಾಗಿ ಓಡಿದ ಮೇಲೆ ಕೊನೆಯದು. ಗಾರೆ ಬಳಿಯುವ ಮುನ್ನಾ ದಿನ ನೀವೇ ಒಣ ಕೊಳದೊಳಗೆ ಇಳಿದು, ಸುತ್ತಿಗೆಯ ಹಿಡಿಯಿಂದ ತಟ್ಟಿ, ಪೊಳ್ಳು ಎಲ್ಲಿಯೂ ಉಳಿದಿಲ್ಲವೆಂದು ನೋಡಿ, ನಾಲ್ಕು ಗೋಡೆಯ ಫೋಟೋ ತೆಗೆದಿಟ್ಟುಕೊಳ್ಳಿ. ಅದಾದ ಮೇಲೆ ನೋಡುವ ಅವಕಾಶ ಸಿಗುವುದಿಲ್ಲ.

ಗಾರೆ ಬಳಿದ ತಕ್ಷಣ ನೀರು ತುಂಬಲು ಶುರುಮಾಡಿ, ಪೂರ್ತಿ ತುಂಬುವವರೆಗೂ ನಿಲ್ಲಿಸಬಾರದು. ನಿಲ್ಲಿಸಿದ ಮಟ್ಟದಲ್ಲಿ ಗೋಡೆಯ ಸುತ್ತ ಗೆರೆ ಉಳಿಯುತ್ತದೆ. ಹಸಿ ಗಾರೆ ಕೊರೆಯದಂತೆ ಪೈಪಿನ ತುದಿಗೆ ಬಟ್ಟೆ ಸುತ್ತಿ ತಳದಲ್ಲಿಡುತ್ತಾರೆ. ಮುಂದಿನ 28 ದಿನ ನೀರಿನ ರಸಾಯನ ಸರಿದೂಗಿಸುವುದು, ದಿನವೂ ಬ್ರಷ್ ಮಾಡುವುದು ಅವರ ಹೊಣೆಯೋ ನಿಮ್ಮದೋ ಎಂದು ಒಪ್ಪಂದದಲ್ಲಿ ಬರೆಸಿ, ಏಕೆಂದರೆ ವಾರಂಟಿಯ ಜಗಳಗಳಲ್ಲಿ ಹೆಚ್ಚಿನವು ನೀರನ್ನು ನೀವು ಕೆಡಿಸಿದಿರಿ ಎಂಬ ಒಂದೇ ಮಾತಿನ ಮೇಲೆ ನಿಲ್ಲುತ್ತವೆ. ನಿಮ್ಮದು ಉಪ್ಪುನೀರಿನ ಕೊಳವಾಗಿದ್ದರೆ ಆ ಅವಧಿ ಮುಗಿಯುವವರೆಗೆ ಉಪ್ಪು ಹಾಕಬೇಡಿ, ಮತ್ತು ನೀರಿನ ಪರೀಕ್ಷೆಯ ಫಲಿತಾಂಶವನ್ನು ತಾರೀಖು ಸಮೇತ ಒಂದು ಪುಸ್ತಕದಲ್ಲಿ ಬರೆದಿಡಿ. ಉಳಿದ ಇಬ್ಬರ ಕೊಟೇಶನ್‌ಗಳಲ್ಲಿ ಗಾರೆ ಕೀಳುವ ಬಗ್ಗೆ ಏನು ಬರೆದಿದೆ ಎಂಬುದನ್ನು ಇಲ್ಲಿ ಹಾಕಿದರೆ, ಸಾಲು ಸಾಲಾಗಿ ನೋಡಿ ನನ್ನ ಅಭಿಪ್ರಾಯ ಹೇಳುತ್ತೇನೆ.