ಕನ್ನಂಬಾಡಿ ತುಂಬಿತು ಅಂತ ಹೇಳುವವರು ಯಾರು?

ಮಂಡ್ಯದ ಓದುಗರೊಬ್ಬರ ಪತ್ರ: ‘ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ತಮ್ಮನ ಮಗ ಹಬ್ಬಕ್ಕೆ ಬಂದಿದ್ದ. ಮೊಬೈಲಿನಲ್ಲಿ ಯಾವುದೋ ದೇಶದ ಚುನಾವಣೆ ಮೇಲೆ ದುಡ್ಡು ಹಾಕುತ್ತಿದ್ದ. ಬೈದರೆ, “ದೊಡ್ಡಪ್ಪ, ಇದು ಜೂಜಲ್ಲ, ಪ್ರಿಡಿಕ್ಷನ್ ಮಾರ್ಕೆಟ್. ಬ್ಲಾಕ್‌ಚೈನ್ ಮೇಲಿದೆ, ಮೋಸ ಮಾಡೋಕೆ ನಡುವೆ ಯಾರೂ ಇಲ್ಲ” ಅಂತಾನೆ. ಹೌದೇ?’

ಸಂಪಾದಕರ ಉತ್ತರ: ಹುಡುಗ ಅರ್ಧ ಸರಿ ಹೇಳಿದ್ದಾನೆ.

ಬಾಜಿ ಕಟ್ಟುವುದು ಹೇಗೆಂದು ಮಂಡ್ಯದವರಿಗೆ ಮೈಸೂರಿನಲ್ಲಿ ಕೂತ ನಾನು ಹೇಳಿಕೊಡಬೇಕಿಲ್ಲ. ಎಲೆಕ್ಷನ್ ಬಂದರೆ ಇಬ್ಬರ ದುಡ್ಡೂ ಟೀ ಅಂಗಡಿಯವನ ಗಲ್ಲಾಪೆಟ್ಟಿಗೆಗೆ ಹೋಗುತ್ತದೆ, ಎಣಿಕೆ ಮುಗಿದ ಸಂಜೆ ಗೆದ್ದವನ ಕೈ ಸೇರುತ್ತದೆ. ಅಂಗಡಿಯವನು ಅಷ್ಟರಲ್ಲಿ ಬಾಗಿಲು ಹಾಕಿಕೊಂಡು ಹೋದರೆ ಕಥೆ ಮುಗಿಯಿತು. ಬ್ಲಾಕ್‌ಚೈನ್ ಎಂದರೆ ಒಬ್ಬರ ಕೈಯಲ್ಲಿರದೆ ಹಲವು ಕಂಪ್ಯೂಟರುಗಳಲ್ಲಿ ಹಂಚಿಕೊಂಡಿರುವ ಲೆಕ್ಕದ ಪುಸ್ತಕ. ಅದರ ಮೇಲಿನ ಮಾರುಕಟ್ಟೆಯಲ್ಲಿ ಅಂಗಡಿಯವನ ಜಾಗಕ್ಕೆ ಸ್ಮಾರ್ಟ್ ಕಾಂಟ್ರ್ಯಾಕ್ಟ್ ಎಂಬ ಪ್ರೋಗ್ರಾಮ್ ಬಂದು ಕೂತಿದೆ. ದುಡ್ಡು ಅದರೊಳಗೆ ಬೀಗ ಬಿದ್ದಿರುತ್ತದೆ. ಆಗುತ್ತದೆ ಎನ್ನುವವರು ಕೊಳ್ಳುವ ‘ಹೌದು’ ಚೀಟಿ ಗೆದ್ದರೆ ಒಂದು ಡಾಲರ್, ಸೋತರೆ ಸೊನ್ನೆ. ಆ ಚೀಟಿ ಇವತ್ತು 62 ಸೆಂಟಿಗೆ ಮಾರಾಟವಾಗುತ್ತಿದ್ದರೆ, ಶೇ 62ರಷ್ಟು ಸಾಧ್ಯತೆ ಇದೆ ಎಂದು ಮಾರುಕಟ್ಟೆ ಅಂದುಕೊಂಡಿದೆ ಎಂದರ್ಥ. 2018ರಲ್ಲಿ ಇಥೀರಿಯಂ ಎಂಬ ಬ್ಲಾಕ್‌ಚೈನ್ ಮೇಲೆ ಆಗರ್ ಎಂಬ ಇಂಥ ಮಾರುಕಟ್ಟೆ ಶುರುವಾಯಿತು, 2020ರಲ್ಲಿ ಪಾಲಿಮಾರ್ಕೆಟ್ ಬಂತು. 2024ರ ಅಮೆರಿಕ ಅಧ್ಯಕ್ಷ ಚುನಾವಣೆಯೊಂದರ ಮೇಲೇ ಪಾಲಿಮಾರ್ಕೆಟ್‌ನಲ್ಲಿ 300 ಕೋಟಿ ಡಾಲರಿಗೂ ಹೆಚ್ಚು ವಹಿವಾಟು ನಡೆಯಿತು.

ಇನ್ನರ್ಧ ನಿಮ್ಮ ಪಕ್ಕದಲ್ಲೇ ಇದೆ. ‘ಆಗಸ್ಟ್ 15ರೊಳಗೆ ಕನ್ನಂಬಾಡಿ ತುಂಬುತ್ತದೆಯೇ?’ ಎಂದು ಬಾಜಿ ಕಟ್ಟಿದಿರಿ ಅನ್ನಿ. ಕಟ್ಟೆಯ ಪೂರ್ಣ ಮಟ್ಟ 124.80 ಅಡಿ. 14ರ ರಾತ್ರಿ ನೀರು 124.50ಕ್ಕೆ ಬಂದಿದೆ, ಒಳಹರಿವು ಜೋರಾಗಿದೆ ಎಂದು ಗೇಟು ಎತ್ತಿಬಿಟ್ಟರು. ಬೆಳಿಗ್ಗೆ ಪೇಪರಿನಲ್ಲಿ ‘ಕೆಆರ್‌ಎಸ್ ಭರ್ತಿ’ ಅಂತ ದಪ್ಪಕ್ಷರದ ತಲೆಬರಹ. ಮುಖ್ಯಮಂತ್ರಿ ಬಾಗಿನ ಬಿಟ್ಟಿದ್ದು 20ಕ್ಕೆ. ಕಟ್ಟೆ ತುಂಬಿತೋ, ಇಲ್ಲವೋ?

ಬ್ಲಾಕ್‌ಚೈನಿಗೆ ಕಣ್ಣಿಲ್ಲ. ಹೊರಗೆ ಏನಾಯಿತೆಂದು ಯಾರಾದರೂ ಅದಕ್ಕೆ ಹೇಳಬೇಕು. ಆ ವ್ಯವಸ್ಥೆಗೆ ಆರಕಲ್ ಎನ್ನುತ್ತಾರೆ. ಪಾಲಿಮಾರ್ಕೆಟ್ ಹೆಚ್ಚಾಗಿ ನೆಚ್ಚಿಕೊಂಡಿರುವುದು ಯುಮಾ ಎಂಬುದನ್ನು. ಒಬ್ಬ ಠೇವಣಿ ಇಟ್ಟು ‘ಹೀಗಾಯಿತು’ ಎನ್ನುತ್ತಾನೆ. ಯಾರೂ ತಕರಾರು ತೆಗೆಯದಿದ್ದರೆ ಅದೇ ತೀರ್ಪು. ತಕರಾರು ಮುಂದುವರಿದರೆ ಯುಮಾ ಟೋಕನ್ (ಅದರದೇ ಕ್ರಿಪ್ಟೊ ನಾಣ್ಯ) ಇಟ್ಟುಕೊಂಡವರ ಮತಕ್ಕೆ ಹೋಗುತ್ತದೆ. ತಲೆಗೊಂದು ಮತವಲ್ಲ, ಟೋಕನ್ ಎಷ್ಟಿದೆಯೋ ಅಷ್ಟು ಬಲ.

2025ರ ಜೂನ್‌ನಲ್ಲಿ ಉಕ್ರೇನಿನ ಅಧ್ಯಕ್ಷ ಝೆಲೆನ್‌ಸ್ಕಿ ನೇಟೊ ಸಭೆಗೆ ಕಪ್ಪು ಕೋಟು ತೊಟ್ಟು ಬಂದರು. ‘ಜುಲೈಗೆ ಮುಂಚೆ ಅವರು ಸೂಟು ಹಾಕುತ್ತಾರೆಯೇ?’ ಎಂಬ ಪ್ರಶ್ನೆಯ ಮೇಲೆ 20 ಕೋಟಿ ಡಾಲರಿಗೂ ಹೆಚ್ಚು ವಹಿವಾಟಾಗಿತ್ತು. ಹಲವು ಪತ್ರಿಕೆಗಳು ಸೂಟು ಅಂತಲೇ ಬರೆದವು. ಕೊನೆಗೆ ಬಂದ ತೀರ್ಪು ‘ಇಲ್ಲ’. (ನಮ್ಮ ಅರಸು ರಸ್ತೆಯ ಯಾವ ದರ್ಜಿಯನ್ನು ಕರೆದಿದ್ದರೂ ಒಂದು ನಿಮಿಷದ ಕೆಲಸ.) ದುಡ್ಡನ್ನು ಯಾರೂ ಕದಿಯಲಿಲ್ಲ, ಪ್ರೋಗ್ರಾಮ್ ಸರಿಯಾಗಿಯೇ ಹಂಚಿತು. ಜಗಳವೆಲ್ಲ ಕೋಟಿನದು. ನಡುವೆ ಯಾರೂ ಇಲ್ಲ ಎನ್ನುವ ನಿಮ್ಮ ಹುಡುಗ ಈ ಮತದಾರರನ್ನು ಲೆಕ್ಕಕ್ಕೇ ಹಿಡಿದಿಲ್ಲ.

ಜೂಜೋ ಅಲ್ಲವೋ ಎಂಬ ವಾದವನ್ನು ನಮ್ಮ ಕಾನೂನು ಉಳಿಸಿಲ್ಲ. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದ ಆನ್‌ಲೈನ್ ಗೇಮಿಂಗ್ ಕಾಯ್ದೆಗೆ, ಹಣ ಕಟ್ಟಿ ಆಡುವುದು ಜಾಣ್ಮೆಯೋ ಅದೃಷ್ಟವೋ ಎಂಬುದು ಬೇಕಾಗಿಲ್ಲ, ಎರಡೂ ನಿಷಿದ್ಧ. ಆಡಿಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿಯವರೆಗೆ ದಂಡ. ಆಡುವವರಿಗೆ ಶಿಕ್ಷೆ ಇಟ್ಟಿಲ್ಲ ನಿಜ, ಆದರೆ ದುಡ್ಡು ಸಿಕ್ಕಿಹಾಕಿಕೊಂಡರೆ ನಿಮ್ಮ ಹುಡುಗ ಯಾವ ಠಾಣೆಗೆ ಹೋಗುತ್ತಾನೆ? ಈ ಬಾಜಿ ನಡೆಯುವುದು ಕ್ರಿಪ್ಟೊ ಹಣದಲ್ಲಿ, ಕ್ರಿಪ್ಟೊ ಲಾಭಕ್ಕೆ ಶೇ 30 ತೆರಿಗೆ ಬೇರೆ.

ಹುಡುಗನನ್ನು ಬೈಯಬೇಡಿ. ಮುಂದಿನ ಹಬ್ಬಕ್ಕೆ ಬಂದಾಗ ಕಟ್ಟೆಯ ಮೇಲಿನ ಆ ಪ್ರಶ್ನೆಯನ್ನು ಕೇಳಿ ನೋಡಿ: 124.80ರ ದಿನವೋ, ಪೇಪರಿನ ದಿನವೋ, ಬಾಗಿನದ ದಿನವೋ. ಅವನು ಏನೆಂದನೆಂದು ನನಗೂ ಒಂದು ಕಾರ್ಡು ಹಾಕಿ.