ಊರಂಚಿನ ಬಡಾವಣೆಗೆ ಹೋಗುವ ಮುನ್ನ: ಓದುಗರೊಬ್ಬರಿಗೆ ಸಂಪಾದಕರ ಉತ್ತರ

ತೀರ್ಥಹಳ್ಳಿ ತಾಲ್ಲೂಕಿನ ಹಳ್ಳಿಯಿಂದ ಬಂದು ಈಗ ಶಿವಮೊಗ್ಗದ ದುರ್ಗಿಗುಡಿಯಲ್ಲಿ ಬಾಡಿಗೆಗೆ ಇರುವ ಓದುಗರೊಬ್ಬರು ನಮಗೆ ದೀರ್ಘ ಪತ್ರ ಬರೆದಿದ್ದಾರೆ. ಪತಿ ಸರ್ಕಾರಿ ನೌಕರಿಯಲ್ಲಿದ್ದಾರೆ, ಮಗಳು ಏಳನೆಯ ತರಗತಿ, ಮಗ ಎರಡನೆಯ ತರಗತಿ, ಜೊತೆಗೆ ಎಪ್ಪತ್ತು ದಾಟಿದ ಅತ್ತೆಯವರಿದ್ದಾರೆ. ಸವಳಂಗ ರಸ್ತೆಯಲ್ಲಿ ನವುಲೆಯಾಚೆ ಅಥವಾ ಸಾಗರ ರಸ್ತೆಯಲ್ಲಿ ಗಾಡಿಕೊಪ್ಪದಾಚೆ ಹೊಸ ಬಡಾವಣೆಯೊಂದರಲ್ಲಿ ಮನೆ ಕೊಳ್ಳಬೇಕೆಂಬುದು ಅವರ ಆಸೆ. “ಅಲ್ಲಿ ಗದ್ದಲವಿಲ್ಲ, ನಾಲ್ಕು ಗಿಡ ನೆಡಲು ಜಾಗವಿದೆ, ಊರಿನಲ್ಲಿದ್ದ ಹಾಗೆಯೇ ಅನ್ನಿಸುತ್ತದೆ, ಆದರೂ ಪೇಟೆಯಲ್ಲೇ ಇರುತ್ತೇವೆ. ಕುಟುಂಬಸಮೇತ ಹೋಗುವವರು ಏನೇನು ತಿಳಿದಿರಬೇಕು? ಈಗಲೇ ಕೊಂಡುಬಿಡುವುದು ಸರಿಯೇ?” ಎಂದು ಕೇಳಿದ್ದಾರೆ. ಇಂಥದೇ ಯೋಚನೆಯಲ್ಲಿರುವ ಕುಟುಂಬಗಳು ನಮ್ಮ ಓದುಗರಲ್ಲಿ ಬಹಳ ಇರುವುದರಿಂದ ಉತ್ತರವನ್ನು ಇಲ್ಲಿಯೇ ವಿವರವಾಗಿ ಬರೆಯುತ್ತಿದ್ದೇನೆ.

ಪ್ರಿಯ ಸೋದರಿ,

ನಿಮ್ಮ ಆಸೆ ಸಹಜವಾದದ್ದು. ಅಂಗಳ, ಹಿತ್ತಿಲು, ಬಸಳೆ ಚಪ್ಪರಗಳ ನಡುವೆ ಬೆಳೆದವರಿಗೆ ಗೋಡೆಗೆ ಗೋಡೆ ಅಂಟಿದ ಪೇಟೆಯ ಮನೆಯಲ್ಲಿ ಉಸಿರು ಕಟ್ಟಿದಂತಾಗುವುದನ್ನು ನಾನು ಬಲ್ಲೆ. ಮಕ್ಕಳು ಮಣ್ಣಿನಲ್ಲಿ ಆಡಬೇಕು, ಸಂಜೆ ಹೊತ್ತು ಹಕ್ಕಿಯ ದನಿ ಕೇಳಬೇಕು ಎಂದು ಬಯಸುವುದರಲ್ಲಿ ತಪ್ಪೇನೂ ಇಲ್ಲ. ವಿನೋಬನಗರ, ಗೋಪಾಳಗಳೂ ಒಂದು ಕಾಲಕ್ಕೆ ಊರಂಚಿನ ಬಡಾವಣೆಗಳೇ ಆಗಿದ್ದವು. ಇಂದು ಅಲ್ಲಿ ಅಂಗಡಿ, ಔಷಧಿ, ಬಸ್ಸು ಎಲ್ಲವೂ ಕಾಲ್ನಡಿಗೆಯಲ್ಲಿ ಸಿಗುತ್ತವೆ. ನೀವು ನೋಡುತ್ತಿರುವ ಜಾಗವೂ ಮುಂದೆ ಹಾಗೆಯೇ ಆಗಬಹುದು. ಆದರೆ ನಿಮ್ಮ ಮಗನಿಗೆ ಏಳು ವರ್ಷವಾಗಿರುವುದು ಈಗ, ಅತ್ತೆಯವರಿಗೆ ಮಂಡಿನೋವು ಇರುವುದೂ ಈಗ. ಆದ್ದರಿಂದ ನಾನು ಹೇಳಬೇಕಾದ ಮುಖ್ಯ ಮಾತು ಇದು: ಬಡಾವಣೆಯನ್ನು ವಾಹನ ಓಡಿಸುವವರ ಕಣ್ಣಿನಿಂದ ನೋಡಬೇಡಿ, ಮನೆಯಲ್ಲಿ ವಾಹನವಿಲ್ಲದವರ ಕಣ್ಣಿನಿಂದ ನೋಡಿ.

ಮನೆ ನೋಡಲು ಸಾಮಾನ್ಯವಾಗಿ ನಾವು ಭಾನುವಾರ ಬೆಳಿಗ್ಗೆ ಹೋಗುತ್ತೇವೆ. ಯಜಮಾನರು ಕಾರು ನಿಲ್ಲಿಸುತ್ತಾರೆ, ರಸ್ತೆ ಅಗಲವಾಗಿದೆ, ಬಿಸಿಲು ಹದವಾಗಿದೆ, ಪೇಟೆಯಿಂದ ಹದಿನೈದು ನಿಮಿಷವಷ್ಟೇ ಎಂದು ಮಧ್ಯವರ್ತಿ ಹೇಳುತ್ತಾನೆ. ಆ ಹದಿನೈದು ನಿಮಿಷ ನಿಮ್ಮ ಪತಿಯವರ ಲೆಕ್ಕ. ಅದೇ ಬಡಾವಣೆಗೆ ಮಂಗಳವಾರವೋ ಬುಧವಾರವೋ ಹನ್ನೊಂದು ಗಂಟೆಯ ಹೊತ್ತಿಗೆ ಅತ್ತೆಯವರನ್ನು ಕರೆದುಕೊಂಡು ಬಸ್ಸಿನಲ್ಲಿ ಹೋಗಿ ನೋಡಿ. ನಾನು ಅಂಥ ಹೊತ್ತಿನಲ್ಲಿ ಊರಂಚಿನ ಬಡಾವಣೆಯೊಂದರಲ್ಲಿ ನಡೆದಿದ್ದೇನೆ. ಸಾಲು ಮನೆಗಳ ಗೇಟುಗಳೆಲ್ಲ ಹಾಕಿದ್ದವು. ಒಂದು ಮನೆಯ ಪೋರ್ಟಿಕೋದಲ್ಲಿ ವಯಸ್ಸಾದ ಹೆಂಗಸೊಬ್ಬರು ಪ್ಲಾಸ್ಟಿಕ್ ಕುರ್ಚಿಯನ್ನು ಗೇಟಿನ ಸರಳಿಗೆ ತಾಗಿಸಿ ಇಟ್ಟುಕೊಂಡು, ರಸ್ತೆಯ ಕಡೆಗೆ ಮುಖ ಮಾಡಿ ಕೂತಿದ್ದರು. ದಾರಿ ಕೇಳಲು ನಿಂತೆ. ದಾರಿ ಹೇಳಿದ ಮೇಲೆ ನನ್ನ ಊರು ಯಾವುದು, ಮನೆಯಲ್ಲಿ ಯಾರು ಯಾರಿದ್ದಾರೆ, ಈ ವರ್ಷ ಮಳೆ ಹೇಗೆ ಎಂದು ಒಂದೊಂದಾಗಿ ಕೇಳಿದರು. ಒಳಗೆ ಬಂದು ಮಜ್ಜಿಗೆ ಕುಡಿದು ಹೋಗಿ ಎಂದರು. ಮಗ ಸೊಸೆ ಇಬ್ಬರೂ ಕೆಲಸಕ್ಕೆ ಹೋಗುವ ಮನೆ. ಹಾಲಿನ ಪ್ಯಾಕೆಟ್ಟಿಗೂ ಹೆದ್ದಾರಿ ದಾಟಬೇಕು, ಹಾಗಾಗಿ ತಾನು ಹೊರಗೆ ಹೋಗುವುದೇ ಇಲ್ಲ ಎಂದರು. ಅವರ ಮಾತಿನಲ್ಲಿ ದೂರು ಇರಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದರು.

ನಿಮ್ಮ ಅತ್ತೆಯವರಿಗೆ ದುರ್ಗಿಗುಡಿಯಲ್ಲಿ ಈಗ ಏನೇನು ಇದೆ ಎಂದು ಒಮ್ಮೆ ಯೋಚಿಸಿ. ದೇವಸ್ಥಾನ ಹತ್ತಿರ, ಹೂ ಮಾರುವವಳ ಪರಿಚಯ, ಎದುರು ಮನೆಯವರೊಡನೆ ಮಾತು, ಬಿಪಿ ಮಾತ್ರೆ ಮುಗಿದರೆ ತಾವೇ ಹೋಗಿ ತರಬಲ್ಲ ಅಂಗಡಿ. ಊರು ಬಿಟ್ಟು ಬಂದ ಮೇಲೆ ಅವರು ಕಟ್ಟಿಕೊಂಡ ಎರಡನೆಯ ಬದುಕು ಅದು. ಹೊಸ ಜಾಗ ಊರಿನ ಹಾಗೆ ಕಾಣಿಸಿದರೂ ಊರಿನಲ್ಲಿ ಬೇಲಿ ದಾಟಿ ಬರುತ್ತಿದ್ದ ನೆಂಟರಿಷ್ಟರು ಅಲ್ಲಿರುವುದಿಲ್ಲ, ಪೇಟೆಯ ಬೀದಿಯ ಓಡಾಟವೂ ಇರುವುದಿಲ್ಲ. ಆದ್ದರಿಂದ ಅವರ ಕಾಲಿಗೆ ಎಟಕುವಷ್ಟು ದೂರದಲ್ಲಿ ಒಂದು ಅಂಗಡಿ, ಒಂದು ಗುಡಿ ಅಥವಾ ಕೂರಲು ಬೆಂಚುಳ್ಳ ಉದ್ಯಾನ, ಹಗಲು ಮನೆಯಲ್ಲಿರುವ ಒಬ್ಬಿಬ್ಬರು ನೆರೆಯವರು ಇದ್ದಾರೆಯೇ ಎಂಬುದನ್ನು ನೀವು ಮನೆಯ ಕೋಣೆಗಳನ್ನು ಎಣಿಸುವುದಕ್ಕಿಂತ ಮೊದಲು ವಿಚಾರಿಸಿಕೊಳ್ಳಬೇಕು.

ಮಗಳ ವಿಷಯಕ್ಕೂ ಇದೇ ಮಾತು ಅನ್ವಯಿಸುತ್ತದೆ. ಇನ್ನೆರಡು ಮೂರು ವರ್ಷದಲ್ಲಿ ಅವಳಿಗೆ ಟ್ಯೂಷನ್, ಗ್ರಂಥಾಲಯ, ಗೆಳತಿಯರ ಮನೆ ಎಂದು ಓಡಾಟ ಹೆಚ್ಚುತ್ತದೆ. ಸಂಜೆ ಏಳರ ಮೇಲೆ ಮುಖ್ಯರಸ್ತೆಯಿಂದ ಮನೆಯವರೆಗೆ ಬೀದಿದೀಪ ಉರಿಯುತ್ತದೆಯೇ, ಕೊನೆಯ ಸಿಟಿ ಬಸ್ಸು ಎಷ್ಟು ಹೊತ್ತಿಗೆ, ಆಟೋದವರು ರಾತ್ರಿ ಅಲ್ಲಿಗೆ ಬರಲು ಒಪ್ಪುತ್ತಾರೆಯೇ ಎಂದು ಅಲ್ಲಿರುವ ಹೆಣ್ಣುಮಕ್ಕಳನ್ನೇ ಕೇಳಿ. ಇಲ್ಲವಾದರೆ ಅವಳ ಓಡಾಟವೆಲ್ಲ ಅಪ್ಪನ ಬಿಡುವಿಗೆ ಕಟ್ಟುಬೀಳುತ್ತದೆ, ನಿಮ್ಮ ಸಂಜೆಗಳೆಲ್ಲ ಸ್ಕೂಟರಿನ ಮೇಲೆ ಕಳೆಯುತ್ತವೆ. ಶಾಲೆಯ ವ್ಯಾನು ಬಡಾವಣೆಯೊಳಗೆ ಬರುತ್ತದೋ ಹೆದ್ದಾರಿಯಂಚಿನಲ್ಲೇ ನಿಲ್ಲುತ್ತದೋ ಎಂಬುದೂ ಮುಖ್ಯ. ವೇಗವಾಗಿ ಲಾರಿ ಬಸ್ಸು ಓಡುವ ರಸ್ತೆಯನ್ನು ಎರಡನೆಯ ತರಗತಿಯ ಮಗು ದಾಟಬೇಕಾದರೆ ಆ ಜಾಗ, ನನ್ನ ಅಭಿಪ್ರಾಯದಲ್ಲಿ, ನಿಮಗಲ್ಲ.

ಇನ್ನು ಕಾಗದಪತ್ರ. ಕೃಷಿ ಜಮೀನಿನ ಭೂ ಪರಿವರ್ತನೆಯ ಆದೇಶ, ನಗರಾಭಿವೃದ್ಧಿ ಪ್ರಾಧಿಕಾರ ಅನುಮೋದಿಸಿದ ಬಡಾವಣೆ ನಕ್ಷೆ, ಖಾತೆ, ಹಿಂದಿನ ವ್ಯವಹಾರಗಳನ್ನು ತೋರಿಸುವ ಋಣಭಾರ ಪ್ರಮಾಣಪತ್ರ ಇವನ್ನು ವಕೀಲರಿಂದ ನೋಡಿಸಿ; ನಗರದ ಮಿತಿಯಲ್ಲಿದ್ದರೆ ಇ-ಆಸ್ತಿ, ಗ್ರಾಮ ಪಂಚಾಯಿತಿ ಮಿತಿಯಲ್ಲಿದ್ದರೆ ಇ-ಸ್ವತ್ತು ದಾಖಲೆ ಇರಬೇಕು. ಐದುನೂರು ಚದರ ಮೀಟರಿಗಿಂತ ಹೆಚ್ಚಿನ ಜಾಗದಲ್ಲಿ ಹೊಸದಾಗಿ ನಿವೇಶನ ಮಾಡಿ ಮಾರುವವರು ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರವಾದ ರೇರಾದಲ್ಲಿ ನೋಂದಾಯಿಸಿಕೊಳ್ಳಬೇಕೆಂದು 2016ರ ಕಾಯ್ದೆ ಹೇಳುತ್ತದೆ. ಇವನ್ನು ಯಾವ ವಕೀಲರಾದರೂ ಹೇಳುತ್ತಾರೆ. ಅವರು ಹೇಳದೆ ಬಿಡಬಹುದಾದ ಒಂದು ಪ್ರಶ್ನೆಯನ್ನು ನೀವೇ ಕೇಳಿ: ಬಡಾವಣೆಯನ್ನು ಮಹಾನಗರ ಪಾಲಿಕೆಗೆ ಹಸ್ತಾಂತರ ಮಾಡಲಾಗಿದೆಯೇ? ಹಸ್ತಾಂತರವಾಗುವ ತನಕ ಚರಂಡಿ, ಬೀದಿದೀಪ, ಕಸ ಸಾಗಣೆ, ಉದ್ಯಾನ ಯಾವುದಕ್ಕೆ ಯಾರು ಹೊಣೆ ಎಂಬುದು ತೂಗಾಡುತ್ತಲೇ ಇರುತ್ತದೆ. ಬಡಾವಣೆ ಮಾಡಿದವರು ನಿವೇಶನ ಮಾರಿ ಹೋಗಿರುತ್ತಾರೆ, ಪಾಲಿಕೆ ನಮಗಿನ್ನೂ ಬಂದಿಲ್ಲ ಎನ್ನುತ್ತದೆ, ಪಂಚಾಯಿತಿಗೆ ಅಷ್ಟು ಹಣವಿರುವುದಿಲ್ಲ. ದೀಪ ಕೆಟ್ಟರೆ ಯಾರಿಗೆ ಫೋನು ಮಾಡುತ್ತೀರಿ ಎಂದು ಅಲ್ಲಿನ ಮೂರು ಮನೆಗಳಲ್ಲಿ ಕೇಳಿ ನೋಡಿ. ಮೂವರೂ ಒಂದೇ ಉತ್ತರ ಕೊಟ್ಟರೆ ಆ ಬಡಾವಣೆಗೆ ಒಡೆಯರಿದ್ದಾರೆ ಎಂದು ತಿಳಿಯಬಹುದು. ಸೋಗಾನೆಯಲ್ಲಿ 2023ರ ಫೆಬ್ರವರಿಯಲ್ಲಿ ವಿಮಾನ ನಿಲ್ದಾಣ ಉದ್ಘಾಟನೆಯಾದದ್ದನ್ನು ಹೇಳಿ “ಈಗ ಬಿಟ್ಟರೆ ಸಿಗುವುದಿಲ್ಲ” ಎಂದು ಅವಸರಪಡಿಸುವವರಿದ್ದಾರೆ. ವಾಸಕ್ಕೆ ಮನೆ ಹುಡುಕುವವರು ಆ ಮಾತಿಗೆ ಕಿವಿಗೊಡಬೇಕಾಗಿಲ್ಲ.

ನೀರಿನ ಬಗ್ಗೆ ನಿಮಗೆ ವಿಶೇಷವಾಗಿ ಹೇಳಬೇಕು, ಏಕೆಂದರೆ ನೀವು ಆಗುಂಬೆ ಸೀಮೆಯ ಮಳೆ ಕಂಡವರು. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಮಿಕ್ಕಿ ಮಳೆಯಾಗುತ್ತದೆ. ಶಿವಮೊಗ್ಗ ಮಲೆನಾಡಿನ ಹೆಬ್ಬಾಗಿಲಾದರೂ ಅದರ ಸಣ್ಣ ಪಾಲು ಮಾತ್ರ ಇಲ್ಲಿ ಬೀಳುತ್ತದೆ, ಬೇಸಿಗೆಯೂ ಬಿರುಸು. ತುಂಗೆಯ ನೀರಿನ ಕೊಳವೆ ಮನೆಯವರೆಗೆ ಬಂದಿದೆಯೋ ಅಥವಾ ಇಡೀ ಬಡಾವಣೆ ಕೊಳವೆಬಾವಿಯನ್ನೇ ನಂಬಿದೆಯೋ, ಏಪ್ರಿಲ್ ಮೇ ತಿಂಗಳಲ್ಲಿ ಟ್ಯಾಂಕರ್ ತರಿಸುತ್ತಾರೆಯೋ ಎಂದು ವಿಚಾರಿಸಿ. ನೂರು ಚದರ ಮೀಟರ್ ಚಾವಣಿಯ ಮೇಲೆ ಹತ್ತು ಮಿಲಿಮೀಟರ್ ಮಳೆ ಬಿದ್ದರೆ ಒಂದು ಸಾವಿರ ಲೀಟರ್ ನೀರಾಗುತ್ತದೆ. ನೆಲದಡಿಯ ನೀರಿನ ತೊಟ್ಟಿಗೆ (ಸಂಪ್) ಮಳೆನೀರು ಇಳಿಸುವ ವ್ಯವಸ್ಥೆಯಿರುವ ಮನೆಗೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಮಳೆ ಕಡಿಮೆ ಎಂದ ಮಾತ್ರಕ್ಕೆ ನೆರೆಯ ಭಯವಿಲ್ಲ ಎಂದಲ್ಲ. ತುಂಗೆಗೆ ಕಟ್ಟಿದ ಗಾಜನೂರು ಅಣೆಕಟ್ಟೆಯಿಂದ ನೀರು ಬಿಟ್ಟಾಗ ಕೋರ್ಪಲಯ್ಯನ ಛತ್ರದ ಬಳಿಯ ಮಂಟಪ ಮುಳುಗಿತೇ ಎಂದು ನೋಡಲು ಊರೇ ಹೋಗುತ್ತದೆ; ಹೊಸ ಬಡಾವಣೆಗಳಿಗೆ ನೀರು ನುಗ್ಗಲು ಹೊಳೆಯೇ ಉಕ್ಕಬೇಕಾಗಿಲ್ಲ. ಕೆರೆಯ ಅಂಗಳ, ಗದ್ದೆಯ ತಗ್ಗು, ರಾಜಕಾಲುವೆಯ ದಾರಿ ಇವುಗಳ ಮೇಲೆ ಮಣ್ಣು ತುಂಬಿ ನಿವೇಶನ ಮಾಡಿದ್ದರೆ, ನೀರು ತನ್ನ ಹಳೆಯ ಜಾಡನ್ನೇ ಹಿಡಿಯುತ್ತದೆ. 2019ರ ಆಗಸ್ಟ್ ಮಳೆಯಲ್ಲಿ ನಗರದ ತಗ್ಗು ಪ್ರದೇಶದ ಮನೆಗಳಿಗೆ ನೀರು ನುಗ್ಗಿತ್ತು. ಆಗ ಈ ರಸ್ತೆ ಹೇಗಿತ್ತು ಎಂದು ಪಕ್ಕದ ಹಳ್ಳಿಯ ಹಿರಿಯ ರೈತರನ್ನು ಕೇಳಿದರೆ ಯಾವ ನಕ್ಷೆಗಿಂತಲೂ ಸ್ಪಷ್ಟವಾಗಿ ಹೇಳುತ್ತಾರೆ.

ಸುತ್ತ ಖಾಲಿ ನಿವೇಶನಗಳಿರುವುದು ಈಗ ಹಸಿರಾಗಿ ಕಾಣುತ್ತದೆ. ಮಳೆಗಾಲ ಕಳೆದರೆ ಅಲ್ಲಿ ಪಾರ್ಥೇನಿಯಂ ಎದೆಯೆತ್ತರ ಬೆಳೆಯುತ್ತದೆ, ಯಾರೋ ಕಸ ಎಸೆಯುತ್ತಾರೆ, ಕಸಕ್ಕೆ ನಾಯಿಗಳೂ ಇಲಿಗಳೂ ಬರುತ್ತವೆ, ಇಲಿಯ ಹಿಂದೆ ನಾಗರವೋ ಕೊಳಕುಮಂಡಲವೋ ಬರುತ್ತದೆ. ಹಳ್ಳಿಯವರಾದ ನಿಮಗೆ ಹಾವು ಹೊಸತಲ್ಲ. ಆದರೂ ಮಕ್ಕಳಿಗೆ ರಾತ್ರಿ ಟಾರ್ಚು ಹಿಡಿದು ಹೊರಗೆ ಬರುವ ಅಭ್ಯಾಸ ಮಾಡಿಸಿ. ಕಚ್ಚಿದರೆ ನಾಟಿ ಮದ್ದಿಗೆ ಹೊತ್ತು ಕಳೆಯದೆ ನೇರವಾಗಿ ಮೆಗ್ಗಾನ್ ಆಸ್ಪತ್ರೆಗೆ ಹೋಗಬೇಕು. ಡ್ರಮ್ಮು, ಹೂಕುಂಡದ ತಟ್ಟೆಗಳಲ್ಲಿ ನಿಂತ ತಿಳಿನೀರಿನಲ್ಲೇ ಡೆಂಗಿ ಸೊಳ್ಳೆ ಮೊಟ್ಟೆಯಿಡುವುದರಿಂದ ವಾರಕ್ಕೊಮ್ಮೆ ಅವನ್ನು ಬರಿದು ಮಾಡಿ.

ಮಲೆನಾಡಿನ ಕುಟುಂಬಗಳಿಗೆ ಇನ್ನೊಂದು ಸಂಗತಿ ಇದೆ. ಅಡಿಕೆ ಕೊಯ್ಲು ಬಂತೆಂದರೆ ನೀವೆಲ್ಲ ಬೀಗ ಹಾಕಿ ಊರಿಗೆ ಹೋಗುವವರು. ಪೇಟೆಯ ನಡುವಿನ ಮನೆಗೆ ಬೀಗ ಬಿದ್ದರೆ ಹತ್ತು ಕಣ್ಣು ನೋಡುತ್ತಿರುತ್ತವೆ; ಮೂರು ಖಾಲಿ ನಿವೇಶನಗಳ ನಡುವಿನ ಒಂಟಿ ಮನೆಗೆ ಆ ಕಾವಲಿಲ್ಲ. ಠಾಣೆಗೆ ತಿಳಿಸಿ ಹೋಗುವುದು ಒಳ್ಳೆಯದು. ಅದಕ್ಕಿಂತಲೂ ನೆರೆಮನೆಯವರಿಗೆ ಕೀಲಿಕೈ ಕೊಡುವಷ್ಟು ಬಳಕೆ ಬೆಳೆಸಿಕೊಳ್ಳುವುದು ಹೆಚ್ಚು ಉಪಯೋಗಕ್ಕೆ ಬರುತ್ತದೆ. ನಿವಾಸಿಗಳ ಸಂಘವಿದ್ದರೆ ಮೊದಲ ತಿಂಗಳಲ್ಲೇ ಸೇರಿ, ಸಭೆಗೆ ನಿಮ್ಮ ಪತಿಯವರನ್ನು ಮಾತ್ರ ಕಳಿಸದೆ ನೀವೂ ಹೋಗಿ. ಹಗಲಿನ ಬಡಾವಣೆಯ ಕಷ್ಟ ತಿಳಿದಿರುವುದು ನಿಮಗೆ.

ಕೊನೆಯ ಪ್ರಶ್ನೆಗೆ ನನ್ನ ಉತ್ತರ: ಈಗಲೇ ಕೊಳ್ಳಬೇಡಿ. ನಿಮಗೆ ಮೆಚ್ಚುಗೆಯಾದ ಬಡಾವಣೆಯಲ್ಲೇ ಒಂದು ವರ್ಷ ಬಾಡಿಗೆಗೆ ಇದ್ದು ನೋಡಿ. ಆ ವರ್ಷದಲ್ಲಿ ಒಂದು ಪೂರ್ತಿ ಮಳೆಗಾಲ, ಒಂದು ಪೂರ್ತಿ ಬೇಸಿಗೆ ಕಳೆಯಲಿ. ಮಕ್ಕಳ ಶಾಲೆಯನ್ನು ಆ ಒಂದು ವರ್ಷ ಬದಲಿಸಬೇಡಿ, ಅತ್ತೆಯವರನ್ನು ವಾರಕ್ಕೊಮ್ಮೆ ದುರ್ಗಿಗುಡಿಗೆ ಕರೆತನ್ನಿ. ಶಾಲೆಗಳು ಮತ್ತೆ ತೆರೆಯುವ ಹೊತ್ತಿಗೆ ಹೊಸ ಮನೆ ಸೇರಬೇಕೆಂದಿದ್ದರೆ ಬಾಡಿಗೆ ಮನೆಯ ಹುಡುಕಾಟವನ್ನು ಮಾರ್ಚ್‌ನಲ್ಲೇ ಶುರುಮಾಡಿ. ಬೇಸಿಗೆಯಲ್ಲಿ ನಲ್ಲಿ ತಿರುಗಿಸಿ ನೋಡಿದರೆ ಆ ಮನೆಯ ನೀರಿನ ಸ್ಥಿತಿಯೂ ಅಂದೇ ತಿಳಿಯುತ್ತದೆ.